ಗಾಜಿನ ಹಿಂಬದಿ

ಬಾಗಿಲ ಹುಡುಗಿ ಅರಾಮ್ ಟಿಕೆಟ್ಟು ಕೇಳಲಿಲ್ಲ.
"ಬಿರಾಮ್ ಮಾಮ, ನೀವು ಮಾಪಾತೆಯ ದರ್ಜಿ ಅಲ್ಲವೆ?
ಒಳಗೆ ಹೋಗಿ. ಮುಟ್ಟಬೇಡಿ, ಅಷ್ಟೆ."

ಮುಟ್ಟದೆ ನೋಡುವುದು ನನಗೆ ಬರುವುದಿಲ್ಲ.
ಐವತ್ತು ವರ್ಷ ಬೆರಳಲ್ಲೇ ನೋಡಿದವನು:
ಬಟ್ಟೆಯ ನೇಯ್ಗೆ, ಹೆಗಲಿನ ಇಳಿಜಾರು,
ಮದುವೆಗೆ ಮುಂಚೆ ಹುಡುಗಿ ದಪ್ಪಗಾದ ಒಂದೇ ಬೆರಳಗಲ.
ಕೈ ಹಿಂದೆ ಕಟ್ಟಿಕೊಂಡು ನಡೆದೆ,
ಬೈಸಿಕೊಳ್ಳಲು ಹೊರಟ ಶಾಲೆ ಹುಡುಗನ ಹಾಗೆ.

ಕಿಟಕಿಯಾಚೆ ಸೆನೆಗಲ್ ನದಿ, ಕಂದು.
ಒಳಗೆ ಗೋಡೆ ತುಂಬ ಮಾಪಾತೆ ಸಾರ್.
ಸತ್ತು ಹನ್ನೊಂದು ವರ್ಷಕ್ಕೆ ಸ್ಯಾಂ-ಲೂಯಿ ಊರಿಗೆ
ತನ್ನ ಸಿನಿಮಾದವನ ಕೈಗೆರೆ ನೆನಪಾಗಿದೆ.
ಮೀನುಪೇಟೆಯ ರಸೀದಿಗಳ ಬೆನ್ನ ಮೇಲೆ
ಪೆನ್ಸಿಲ್ಲಿನ ದೋಣಿಗಳು,
ಒಂದು ದೋಣಿಯೊಳಗಿಂದ ಇನ್ನೂ ಇಣುಕುತ್ತದೆ
ಹದಿನೆಂಟು ಕಿಲೋ ಮೀನಿನ ಲೆಕ್ಕ.
ಒಂದು ಗಾಡಿ. ಕುದುರೆಗೆ ಐದು ಕಾಲು,
ಓಡುತ್ತಿದೆಯೆಂದು ಕ್ಯಾಮೆರಾದವನಿಗೆ ತಿಳಿಯಲಿ ಅಂತ.

ಆಮೇಲೆ ಗಾಜುಗಳು.
ನಮ್ಮಲ್ಲಿ ಗಾಜಿನ ಚಿತ್ರ ಬರೆಯುವುದು ಹಿಂದಿನಿಂದ:
ಮೊದಲು ರೆಪ್ಪೆ, ಆಮೇಲೆ ಕಣ್ಣು,
ಆಮೇಲೆ ಮುಖ, ಮುಖದ ಹಿಂದಿನ ಗೋಡೆ,
ಎಲ್ಲಕ್ಕೂ ಕೊನೆಗೆ ಆಕಾಶ.
ದೇವರು ಮಾಡಿದ್ದಕ್ಕೆ ಪೂರಾ ಉಲ್ಟಾ.
ಆಕಾಶ ಬಳಿದ ಮೇಲೆ ರೆಪ್ಪೆ ತಿದ್ದುವ ಹಾಗಿಲ್ಲ.

ದಡದಲ್ಲಿ ನಿಂತಿದ್ದಾಳೆ ಅಂಬಿಗನ ಹೆಂಡತಿ.
ಅವಳ ಉಡುಪಿನ ನೀಲಿ ನನಗೆ ಗೊತ್ತು.
ಸಿನಿಮಾ ಕಪ್ಪು-ಬಿಳುಪು, ಬಣ್ಣ ಯಾಕೆ ಅಂದಿದ್ದೆ.
"ತಾನು ನೀಲಿ ತೊಟ್ಟಿದ್ದೇನೆಂದು ಅವಳಿಗೆ ಗೊತ್ತಿರಬೇಕಲ್ಲ," ಅಂದ.
ಮೂರು ಸಲ ಅದ್ದಿದೆ. ತಿಂಗಳು ಪೂರ್ತಿ ಉಗುರು ನೀಲಿ.
ಪರದೆಯ ಮೇಲೆ ಬೂದಿ.
ಕೂಲಿಯಲ್ಲಿ ಅರ್ಧ ಇವತ್ತಿಗೂ ಬಾಕಿ.
ಗಾಜಿನಲ್ಲಿ ಮಾತ್ರ ಅದು
ಈಗತಾನೆ ಹಂಡೆಯಿಂದ ಎತ್ತಿದ ಹಾಗೆ, ಇನ್ನೇನು ತೊಟ್ಟಿಕ್ಕುತ್ತದೆ.
ಇಷ್ಟು ಚೆನ್ನಾಗಿ ನಾನೂ ಅದ್ದಿರಲಿಲ್ಲ, ಒಪ್ಪುತ್ತೇನೆ.

ಕೋಣೆಯ ನಡುವೆ ಒಂದೇ ಗಾಜು, ತಂತಿಯಲ್ಲಿ ತೂಗಿದ್ದಾರೆ.
ಮುಗಿಯದ ಚಿತ್ರ. ಗೋಡೆಯಿಲ್ಲ, ಆಕಾಶವಿಲ್ಲ,
ಅಂಗಿ ತೊಟ್ಟ ಅಂಬಿಗನೊಬ್ಬನೇ
ಬರಿಗಾಜಿನಲ್ಲಿ ನಿಂತಿದ್ದಾನೆ.
ಈ ಅಂಗಿ! ಇದರ ಜೇಬು!
ಮೂವತ್ತೆಂಟು ವರ್ಷದ ಕೆಳಗೆ
ಬಣ್ಣ ಆರುವ ಮೊದಲೇ ಅಂಗಡಿಗೆ ತಂದು
ಎತ್ತಿ ಹಿಡಿದಿದ್ದ ನನ್ನ ಮುಂದೆ, "ಹೀಗೆಯೇ ಹೊಲಿ."
ಹಾಗೆಯೇ ಹೊಲಿದೆ. ಬಲಕ್ಕೆ.
ಶೂಟಿಂಗಿನ ದಿನ ದಡದಲ್ಲಿ ಎಲ್ಲರೆದುರು ಕಿರುಚಿದ:
"ಎಡ ಬಲ ತಿಳಿಯದವನ ಕೈಗೆ
ಕತ್ತರಿ ಕೊಟ್ಟ ಪುಣ್ಯಾತ್ಮ ಯಾರು?"
ಬೆಳಕು ಇಳಿಯುತ್ತಿತ್ತು. ಬಿಚ್ಚಿ ಹೊಲಿಯಲು ಹೊತ್ತಿರಲಿಲ್ಲ.
ಅಂಬಿಗ ರೂಢಿಯಂತೆ ಎಡಕ್ಕೆ ತಡಕಿದ,
ಖಾಲಿ ಎದೆ ಸಿಕ್ಕಿತು. ಗಾಬರಿಯಿಂದ ಬಲಕ್ಕೆ ಹೋದ ಕೈಗೆ
ಕಾಗದ.
ಅಲ್ಲಿ ಥಿಯೇಟರಿನಲ್ಲಿ ಗಂಡಸರೂ ಅತ್ತರು.
ನನಗೆ ಮಾತ್ರ ಹೆಸರು ಬಿತ್ತು: ಬಲಜೇಬಿನ ಬಿರಾಮ್.

ಗಾಜಿನ ಈಚೆ ನಿಂತರೆ ಜೇಬು ಎಡಕ್ಕೆ.
ಸುತ್ತಿ ಆಚೆ ಹೋದೆ. ಬಣ್ಣದ ಉಬ್ಬು, ಕುಂಚದ ಕೂದಲು.
ಜೇಬು ಬಲಕ್ಕೆ.
ಮತ್ತೆ ಈಚೆ ಬಂದೆ. ಎಡಕ್ಕೆ.
ಅಯ್ಯೋ ಮಾಪಾತೆ,
ನೀನು ಬರೆದ ಬದಿಯನ್ನೇ ನನಗೆ ತೋರಿಸಿದ್ದೆ!
ನಾನಾದರೂ ಏನು, ಜೀವಮಾನವೆಲ್ಲ
ಒಳಗಿನಿಂದ ಹೊಲಿದು ಹೊರಕ್ಕೆ ತಿರುವಿದವನು,
ಒಂದು ಗಾಜು ತಿರುವಿ ನೋಡಲು ಹೊಳೆಯಲಿಲ್ಲ.

ಜೋರಾಗಿ ನಕ್ಕುಬಿಟ್ಟೆ. ಅರಾಮ್ ಓಡಿಬಂದಳು,
"ಮಾಮ, ಮುಟ್ಟಿದಿರಾ?"
ಇಲ್ಲ ಮಗಳೆ. ನೆಲ ನೋಡು,
ಬಿಸಿಲು ಗಾಜಿನಿಂದ ಇಳಿದು
ಅಂಗಿಯ ನೆರಳು ಹಾಸಿದೆ.
ಅದನ್ನು ಅಳೆಯಬಹುದಲ್ಲ?
ಮಂಡಿ ಊರಿ ಗೇಣು ಹಾಕಿದೆ:
ಹೆಗಲಿಂದ ಹೆಗಲಿಗೆ ಎರಡು ಗೇಣು, ನಾಲ್ಕು ಬೆರಳು.
ನನ್ನ ಅಳತೆಯಲ್ಲಿ ತಪ್ಪಿಲ್ಲ.

ಕೂಲಿಯ ಮಾತು ಬೇರೆ.